ತಿರುಪು ಕೂತರೆ ಸಾಕೇ?

ಮೊದಲು ‘ತಡಿ’ ಎಂದದ್ದು ನಾನೋ ನನ್ನ ಹೆಂಡತಿ ಸುಮಾಳೋ, ಈಗ ಖಚಿತವಾಗಿ ಹೇಳಲಾರೆ. ನಾನೇ ಎಂದು ನೆನಪು. ಆದರೆ ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ, ಹೇಳುವವನೇ ನಾಯಕನಾಗಿರುವ ಕಥೆಯ ಮೇಲೆ ಸದಾ ಗುಮಾನಿ.

ನಡೆದದ್ದು ನಾವೀಗ ನೆಲೆಸಿರುವ ಪರದೇಶದ ಊರು ಬಯಾನ್ ಲೆಪಾಸ್‌ನ ಮನೆಯಲ್ಲಿ, ಭಾನುವಾರದ ದೋಸೆಯ ನಂತರ. ಸುಮಾಳ ತಮ್ಮ ಕಿರಣ ಇಲ್ಲೇ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮೆಕ್ಯಾನಿಕಲ್ ವೇಪ್ ಎಂಬ ಬ್ಯಾಟರಿ ಸಿಗರೇಟೊಂದನ್ನು ಕೊಂಡು ತಂದಿದ್ದ. ಹಿತ್ತಾಳೆಯ ಕೊಳವೆ, ಒಳಗೊಂದು ಬ್ಯಾಟರಿ, ಕೆಳಗೊಂದು ಗುಂಡಿ. ಎಡವಟ್ಟಾದರೆ ತಡೆಯುವ ಸರ್ಕ್ಯೂಟ್ ಮಾತ್ರ ಇಲ್ಲ. ಅದರ ತಲೆಗೆ ತನ್ನ ಹಳೆಯ ವೇಪಿನ ಟ್ಯಾಂಕನ್ನು, ಅಂದರೆ ದ್ರವ ತುಂಬುವ ಗಾಜಿನ ಬುರುಡೆಯನ್ನು, ತಿರುಗಿಸಿ ಕೂರಿಸಲು ಹೊರಟಿದ್ದ.

“ಥ್ರೆಡ್ ಕೂತ್ಕೊಳ್ತಲ್ಲ ಭಾವ, ಇನ್ನೇನು?”

ನಮ್ಮವರ ಸಿದ್ಧಾಂತವೇ ಇದು. ಊರಿಂದ ತಂದ ಎರಡು ಕಡ್ಡಿಯ ಚಾರ್ಜರನ್ನು ಇಲ್ಲಿನ ಮೂರು ತೂತಿನ ಸಾಕೆಟ್ಟಿಗೆ ನುಗ್ಗಿಸಲು ಮೇಲಿನ ತೂತಿಗೆ ಪೆನ್ನು ತುರುಕುತ್ತೇವೆ. ಒಳಗೆ ಹೋಯಿತೇ? ಹಾಗಾದರೆ ಹೊಂದಿತು!

ಆ ‘ತಡಿ’ ಬಂದದ್ದು ಇಲ್ಲಿ. ಎಲ್ಲೋ ಓದಿದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು: ಇಂಥ ಕೊಳವೆಯಲ್ಲಿ ಬ್ಯಾಟರಿಯ ತಲೆ ನೇರ ಟ್ಯಾಂಕಿಗೇ ತಾಗುತ್ತದೆ. ಹಾಗಾಗಿ ಟ್ಯಾಂಕಿನ ತಳದ ನಡುವಿನ ಪಿನ್ನು ಸುತ್ತಲಿನ ತಿರುಪಿನ ಅಂಚಿಗಿಂತ ಹೊರಗೆ ಚಾಚಿರಬೇಕು, ಒತ್ತಿದರೆ ಒಳಸರಿಯಲೂ ಬಾರದು. ಇಲ್ಲದಿದ್ದರೆ ಬ್ಯಾಟರಿ ಎರಡಕ್ಕೂ ತಾಗಿ ಶಾರ್ಟ್ ಆಗುತ್ತದೆ, ಕೈಯಲ್ಲೇ ಸಿಡಿಯಬಹುದು. ಇದನ್ನು ಹೇಳಿದೆನಾದರೂ, ನನ್ನ ನೆನಪನ್ನು ನಾನೇ ಪೂರ್ತಿ ನಂಬದಿರುವಾಗ ಅವನು ಏಕೆ ನಂಬಿಯಾನು?

“ಭಾವಂಗೆ ಕುಕ್ಕರ್ ಸೀಟಿ ಮೇಲೂ ಡೌಟು ಲಾ,” ಎಂದ ಕಿರಣ, ಇಲ್ಲಿನವರಂತೆ ಮಾತಿನ ಕೊನೆಗೆ ‘ಲಾ’ ಹಚ್ಚಿ.

“ಒಂದ್ಸಲ ನೋಡಿದ್ರೆ ಗಂಟೇನು ಹೋಗುತ್ತೆ? ಮೂತಿಗ್ ಇಟ್ಕೊಳ್ಳೋನು ನೀನು ಕಣೋ!” ಎಂದು ಸುಮಾ ಗದರಿದಳು.

ನಮ್ಮ ಅಪಾರ್ಟ್‌ಮೆಂಟ್ ಗೇಟು ತೆರೆಯುವ ಪ್ಲಾಸ್ಟಿಕ್ ಕಾರ್ಡನ್ನು ತೆಗೆದು, ಅದರ ಅಂಚನ್ನು ಟ್ಯಾಂಕಿನ ತಳಕ್ಕೆ ಅಡ್ಡಲಾಗಿ ಇಟ್ಟೆ. ಪಿನ್ನು ಚಾಚಿದ್ದರೆ ಕಾರ್ಡು ಏತದಂತೆ ಓಲಾಡಬೇಕು. ಕದಲಲಿಲ್ಲ. ಪಿನ್ನು ಅಂಚಿಗೆ ಸಮನಾಗಿತ್ತು. ಕಿರಣ ತಾನೂ ಕಾರ್ಡಿಟ್ಟು ನೋಡಿದ. ಆಮೇಲೆ ಬ್ಯಾಟರಿಯನ್ನು ಮೆಲ್ಲಗೆ ಹೊರಗೆ ಜಾರಿಸಿ ಮೇಜಿನ ಮೇಲಿಟ್ಟ.

“ಬೇರೆ ಟ್ಯಾಂಕ್ ತಗೋತೀನಿ ಬಿಡಿ ಭಾವ. ಅಮ್ಮಂಗೆ ಹೇಳ್ಬೇಡ ಅಕ್ಕಾ.”

ಸಂಶಯಕ್ಕೆ ಸನ್ಮಾನ ಸಿಗುವುದು ಅಪರೂಪ. ಸಂಜೆಯವರೆಗೂ ಮನೆಯಲ್ಲಿ ಕೋಟೆ ಗೆದ್ದವನಂತೆ ಓಡಾಡಿದೆ; ಎರಡನೇ ಲೋಟ ಕಾಫಿ ಕೇಳದೆಯೇ ಬಂತು. ಇದನ್ನೆಲ್ಲ ನಾನು ಕೊಂಚ ಹಿಗ್ಗಿಸಿ ಹೇಳುತ್ತಿರಬಹುದು. ಆದರೆ ಮರುದಿನ ಆ ಟ್ಯಾಂಕು ತಯಾರಿಸಿದವರ ಪುಟವನ್ನೇ ತೆರೆದು ನೋಡಿದೆ. ಅಲ್ಲಿ ದಪ್ಪ ಅಕ್ಷರದಲ್ಲಿದೆ: ಮೆಕ್ಯಾನಿಕಲ್ ಉಪಕರಣಗಳಿಗೆ ಬಳಸಕೂಡದು.