ಒಂದೇ ತಾಸು ಕಾಯಿಸಿದ ಎಳೆ

ನೀಲಮ್ಮ, ನಿನ್ನ ಕಣ್ಣುಗಳಲ್ಲಿ ಯಾವ ದೋಷವೂ ಇರಲಿಲ್ಲ. ಸುಳ್ಳು ಹೇಳಿದವನು ನಾನು. ಈ ಎರಡು ಮಾತು ಬಾಯಿಗೆ ಬರಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ವಿಶ್ವವಿದ್ಯಾಲಯದ ಆ ಪ್ರಯೋಗಾಲಯದಲ್ಲಿ ನಮ್ಮ ಕಡೆಯವರೆಂದರೆ ನಾವಿಬ್ಬರೇ — ಶಹಾಪುರದ ನಾನು, ಸಗರದ ನೀನು. ನಿನ್ನ ಸಂಶೋಧನೆ ನೈಲಾನ್ ಎಳೆಗಳದು. ಎಳೆಯನ್ನು ಓವನ್ನಿನಲ್ಲಿ ಕಾಯಿಸಿದರೆ ಒಳಗಿನ ಅಣುಗಳು ಸಾಲಾಗಿ ಕೂರುತ್ತವೆ. ಸಾಲು ಕೂಡಿದಷ್ಟೂ ಬೆಳಕು ಅದರೊಳಗೆ ಹಾಯುವ ರೀತಿ ಬದಲಾಗುತ್ತದೆ. ಎಷ್ಟು ಬದಲಾಯಿತೆಂದು ಸೂಕ್ಷ್ಮದರ್ಶಕದಲ್ಲಿ ಬಣ್ಣದ ಪಟ್ಟೆ ನೋಡಿ ನೀನು ಅಳೆಯುತ್ತಿದ್ದೆ. ಓವನ್ ನೋಡಿಕೊಳ್ಳುವುದು ನನ್ನ ಪಾಳಿ.

ಒಂದು ಶನಿವಾರದ ಎಳೆಗಳು ನಾಲ್ಕು ತಾಸು ಕಾಯಬೇಕಿತ್ತು. ಶಹಾಪುರದ ಬಸ್ಸು ತಪ್ಪುತ್ತದೆಂದು ನಾನು ಒಂದೇ ತಾಸಿಗೆ ತೆಗೆದೆ, ರೆಕಾರ್ಡ್ ಪುಸ್ತಕದಲ್ಲಿ ನಾಲ್ಕು ಎಂದು ಬರೆದೆ. ಊರಲ್ಲಿ ಘನಂದಾರಿ ಕೆಲಸವೇನೂ ಇರಲಿಲ್ಲ. ಅವ್ವನ ಕೈರೊಟ್ಟಿ ನೆನಪಾಗಿತ್ತು, ಅಷ್ಟೇ.

ಮುಂದಿನ ವಾರ ಆ ಎಳೆಗಳ ಅಳತೆ ನಿನ್ನ ಉಳಿದ ಅಳತೆಗಳ ಜೊತೆ ಹೊಂದಲಿಲ್ಲ. ಹೇಗೆ ಹೊಂದೀತು? ನೀನು ಮತ್ತೆ ಮತ್ತೆ ಅಳೆದೆ, ಬಂದದ್ದು ಅದೇ ಅಂಕಿ. ಮಾರ್ಗದರ್ಶಕರು ಎಲ್ಲರೆದುರು ನಕ್ಕರು: "ಮೊದಲ ಹೋಗಿ ಕಣ್ಣು ತೋರಿಸ್ಕೊಂಡು ಬಾರವ್ವ." ನೀನು ನನ್ನ ಕಡೆ ತಿರುಗಿದೆ.

"ಅಣ್ಣಾ, ನೀವ ಒಮ್ಮಿ ನೋಡ್ರಿ. ನೀವು ಹೇಳಿದಂಗ ಬರ್ಕೋತೀನಿ."

ನೋಡಿದೆ. ನಿನಗೆ ಕಂಡದ್ದೇ ನನಗೂ ಕಂಡಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಆಗಲೇ ಬಾಯಿ ಬಿಟ್ಟಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು — ಇಲ್ಲ, ಬಾಯಿ ಬಿಡಲಿಲ್ಲ. ನಾಲ್ಕು ತಾಸಿಗೆ ಎಷ್ಟು ಬರಬೇಕಿತ್ತೋ ಆ ಅಂಕಿಯನ್ನೇ ಹೇಳಿದೆ. "ನಂಗ ಬರೋಬ್ಬರಿ ಕಾಣಾಕತ್ತದ ನೋಡವ್ವ."

ನೀನು ವಾದಿಸಲಿಲ್ಲ. ಒಂದು ಮಾತು ಜಗಳವಾಡಿದ್ದರೂ ನಾನು... ನೀನು ಯಾದಗಿರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದೆ. ಅದನ್ನು ಹಾಕಿದರೂ ನಿನಗೆ ಕಂಡದ್ದು ಅದೇ ಪಟ್ಟೆ. ಎರಡು ತಿಂಗಳಿಗೆ ನೀನು ಸಂಶೋಧನೆ ಬಿಟ್ಟು ಊರಿಗೆ ಹೋದೆ.

ನಾನು ಡಾಕ್ಟರೇಟ್ ಮುಗಿಸಿ ಶಹಾಪುರದಲ್ಲಿ ಉಪನ್ಯಾಸಕನಾದೆ. ಯಾವ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೂ ಆ ಪಟ್ಟೆಯೇ ಎದುರಿಗೆ ನಿಲ್ಲುತ್ತದೆ. ಕಣ್ಣು ಮುಚ್ಚಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಹೋದ ತಿಂಗಳು ಸುರಪುರದ ಹೈಸ್ಕೂಲಿಗೆ ವಿಜ್ಞಾನ ಪ್ರದರ್ಶನದ ತೀರ್ಪುಗಾರನಾಗಿ ಬಂದಾಗ ಅಲ್ಲಿ ನೀನಿದ್ದೆ, ವಿಜ್ಞಾನದ ಟೀಚರಾಗಿ. ಹುಡುಗಿಯೊಬ್ಬಳು ಈರುಳ್ಳಿ ಪೊರೆಯ ಸ್ಲೈಡ್ ಇಟ್ಟು ಕರೆದಳು: "ಟೀಚರ್, ಸರಿ ಅದ ಏನು ನೋಡ್ರಿ." ನೀನು ಕನ್ನಡಕ ಸರಿಮಾಡಿಕೊಂಡು ನಕ್ಕೆ. "ನನ್ನ ಕಣ್ಣು ನಂಬಬ್ಯಾಡವ್ವ. ಆ ಸರ್‌ಗೆ ಕೇಳು, ಅವರ ಕಣ್ಣು ಭಾಳ ಚಲೋ ಅವ."

ನಾನು ನೋಡಿದೆ, ತಲೆಯಾಡಿಸಿದೆ. ಆಗಲೂ ಹೇಳಲಿಲ್ಲ.

ಆ ಶನಿವಾರದ ಎಳೆಗಳ ಸ್ಲೈಡ್ ನನ್ನ ಬಳಿಯೇ ಇದೆ. ಯಾಕೆ ಕದ್ದು ತಂದೆನೋ — ಎಸೆಯಲು ಕೈ ಬರಲಿಲ್ಲ. ಪುಸ್ತಕದಲ್ಲಿ ನಾನು ಏನೇ ಬರೆದಿರಲಿ, ಆ ಎಳೆಗಳು ಇಂದಿಗೂ ಒಂದೇ ತಾಸಿನ ಬಿಸಿಯನ್ನು ತೋರಿಸುತ್ತವೆ.

ಸೋಮವಾರ ಅದನ್ನು ಹಿಡಿದು ನಿನ್ನ ಶಾಲೆಗೆ ಬರುತ್ತೇನೆ. ಅಂದು ನನಗೆ ಕಂಡದ್ದು ಏನೆಂದು ಆ ಹುಡುಗಿಯ ಎದುರಿಗೇ ಹೇಳುತ್ತೇನೆ. ಆಮೇಲೆ ನೀನು ಕನ್ನಡಕ ತೆಗೆದು ನೋಡು, ನೀಲಮ್ಮ — ನಿನಗೆ ನೋಡಬೇಕೆನಿಸಿದರೆ.