ಮುಂದಿನ ಡೊಳ್ಳು, ಒಂದೂವರೆ ರೊಟ್ಟಿ

ಕಲ್ಲೋಳಿಯ ಯಲ್ಲೇಶನಿಗೆ ತೂಕದ ಚಿಂತೆ ಹತ್ತಿಸಿದ್ದು ಡೊಳ್ಳು. ಊರ ಮೇಳದಲ್ಲಿ ಹನ್ನೊಂದು ವರ್ಷದಿಂದ ಮುಂದಿನ ಡೊಳ್ಳು ಅವನದೇ. ಮುಂದಿನವನು ಹೆಜ್ಜೆ ಬದಲಿಸಿದರೆ ಹಿಂದಿನ ಹನ್ನೆರಡೂ ಮಂದಿ ಬದಲಿಸಬೇಕು, ಅವನು ನಿಂತರೆ ಮೇಳವೇ ನಿಂತಂತೆ. ಅದಕ್ಕೇ ಆ ಡೊಳ್ಳು ಮೇಳದ ಸೊತ್ತಾದರೂ ಮುಂದಿನವನ ಮನೆಯ ಗೂಟಕ್ಕೇ ತೂಗಬೇಕೆಂಬುದು ಅವರಲ್ಲಿ ವಾಡಿಕೆ. ಅಂಥ ಯಲ್ಲೇಶ ಮೂವತ್ತೆಂಟನೆಯ ವಯಸ್ಸಿಗೆ ತೊಂಬತ್ತನಾಲ್ಕು ಕಿಲೋ ಆಗಿದ್ದ. ಸೊಂಟಕ್ಕೆ ಕಟ್ಟಿದ ಡೊಳ್ಳಿಗೂ ಅವನ ಹೊಟ್ಟೆಗೂ ಜಾಗದ ಜಗಳ. ಹತ್ತು ನಿಮಿಷ ಬಾರಿಸಿದರೆ ಏದುಸಿರು. ಇನ್ನು ಆರು ವಾರಕ್ಕೆ ಹುಕ್ಕೇರಿಯಲ್ಲಿ ಡೊಳ್ಳಿನ ಸ್ಪರ್ಧೆ, ಬಾರಿಸಬೇಕಾದದ್ದು ಇಪ್ಪತ್ತು ನಿಮಿಷ!

ಫೋನಿನಲ್ಲಿ ಯಾವನೋ ತೋಳು ಉಬ್ಬಿಸಿಕೊಂಡು, ಕಾರ್ಬ್ ಬಿಟ್ಟರೆ ಹೊಟ್ಟೆ ಇಳಿಯುತ್ತದೆ ಎಂದ. ಯಲ್ಲೇಶ ಅಂದೇ ಬಿಟ್ಟ. ಕಾರ್ಬ್ ಎಂದರೆ ಅವನ ಲೆಕ್ಕದಲ್ಲಿ ಹಿಟ್ಟು ಮತ್ತು ಅನ್ನ. ಊಟಕ್ಕೆ ನಾಲ್ಕು ರೊಟ್ಟಿ ತಿಂದು, ಮೇಲೆ ತಾಟು ತುಂಬ ಅನ್ನ ಹೊಡೆಯುವ ಗಂಡ ರೊಟ್ಟಿಯ ಬುಟ್ಟಿಯನ್ನೇ ದೂರ ಸರಿಸಿದಾಗ ಹೆಂಡತಿ ದ್ರಾಕ್ಷಾಯಿಣಿಗೆ ಸಿಟ್ಟು ಬಂತು.

"ರೊಟ್ಟಿ ಬ್ಯಾಡಂದ್ರ ಏನ ತಿಂತೀರಿ? ಗಾಳಿ?"

"ಕರದಂಟು ಐತಲ್ಲ! ಅಂಟು, ಉತ್ತತ್ತಿ, ಗೋಡಂಬಿ. ಅದರಾಗ ಒಂದ ಚಿಟಿಕಿ ಹಿಟ್ಟ ತೋರಸು ನೋಡೂನು. ಪೈಲ್ವಾನರ ತಿನಿಸದು."

ಗೋಕಾಕಿಗೆ ಹೋಗಿ ಬರುವವರಿಗೆಲ್ಲ ಹೇಳಿ ಕರದಂಟು ತರಿಸತೊಡಗಿದ. ಮುಂಜಾನೆ ನಾಲ್ಕು ತುಂಡು, ಮಧ್ಯಾಹ್ನ ನಾಲ್ಕು, ಸಂಜೆ ನಾಲ್ಕು. ಇಷ್ಟಕ್ಕೂ ಈ ಮಹಾಶಯ ದುಡಿಯುವುದು ಬೆಲ್ಲದ ಗಾಣದಲ್ಲಿ, ಕೊಪ್ಪರಿಗೆಯ ಒಲೆಗೆ ಉರಿ ಹಾಕುವ ಕೆಲಸ. ಕರದಂಟನ್ನು ಹಿಡಿದಿಟ್ಟಿರುವುದು ಬೆಲ್ಲದ ಪಾಕವೇ ಎಂಬುದು ಅವನಿಗಲ್ಲದೆ ಇನ್ನಾರಿಗೆ ಹೊಳೆಯಬೇಕಿತ್ತು? ಹೊಳೆಯಲಿಲ್ಲ. ವಾರ ಬಿಟ್ಟು ತೂಗಿದರೆ ಅರ್ಧ ಕಿಲೋ ಹೆಚ್ಚೇ ಬಂತು. "ಎಲುಬ ಗಟ್ಟಿ ಆಗಾಕತ್ತಾವು" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಎರಡನೆಯ ವಾರ, ಸಂಜೆಯ ತಾಲೀಮಿನಲ್ಲಿ ಶುರುವಿಗೆ ಸಿಡಿಲಿನಂತೆ ಬಾರಿಸಿದ. ಏಳನೆಯ ನಿಮಿಷಕ್ಕೆ ಕಣ್ಣು ಕತ್ತಲಿಟ್ಟು ಡೊಳ್ಳಿನ ಸಮೇತ ಕುಕ್ಕರಿಸಿದ. ಮೇಳದ ಹಿರಿಯ ಬೀರಸಿದ್ದಪ್ಪ ನೀರು ಕುಡಿಸಿ, ಅವನ ಸೊಂಟದ ಹಗ್ಗ ತಾನೇ ಬಿಚ್ಚಿದ.

"ಡೊಳ್ಳು ಈಗ ನನ್ನ ಮನ್ಯಾಗ ಇರ್ಲಿ, ಯಲ್ಲೇಶಾ. ಹುಕ್ಕೇರಿಯಾಗ ಒಮ್ಮಿ ಕಟ್ಟಿಕೋ. ಇಪ್ಪತ್ತ ಮಿನಿಟ ಮುಗಿಸಿದ್ರ ನಿನ್ನ ಗೂಟಕ್ಕ. ಇಲ್ಲಾಂದ್ರ ನಿನ್ನ ಹಿಂದ ಬಾರಸೂ ಶಿದ್ರಾಮನ ಗೂಟಕ್ಕ."

ಮನೆಗೆ ಬಂದು ಬರಿದಾದ ಗೂಟ ನೋಡಿದಾಗ ಯಲ್ಲೇಶನಿಗೆ ಅಳು ತಡೆಯಲಾಗಲಿಲ್ಲ. ನಾಚಿಕೆ ಬಿಟ್ಟು ಅತ್ತ.

ಮರುದಿನ ದ್ರಾಕ್ಷಾಯಿಣಿ ಅವನನ್ನು ಓಣಿಯ ರಾಧಿಕಾಳ ಮುಂದೆ ಕೂರಿಸಿದಳು. ರಾಧಿಕಾ ಘಟಪ್ರಭಾದ ಒಂದು ದವಾಖಾನೆಯಲ್ಲಿ ನರ್ಸು. ಕರದಂಟಿನ ಕಥೆ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಾಕಾ, ರೊಟ್ಟಿನೂ ಕಾರ್ಬ್, ಬೆಲ್ಲಾನೂ ಕಾರ್ಬ್. ಬೆಲ್ಲ ಜಲ್ದಿ ರಕ್ತಕ್ಕ ಸೇರತೈತಿ, ಜಲ್ದಿ ಇಳೀತೈತಿ. ಜೋಳದ ರೊಟ್ಟಿ, ಕಾಳು ಸಾವಕಾಶ ಕರಗತಾವು. ಡೊಳ್ಳ ಬಾರಸಾವ್ರಿಗೆ ಕಾರ್ಬ್ ಬೇಕ ಬೇಕು. ಬಿಡೂದಲ್ರಿ, ಅಳತಿ ಹಿಡೀರಿ."

ಅವನು ತಲೆ ಆಡಿಸಿದನೇ ಹೊರತು ಮಾತು ತಲೆಗೆ ಹೋಗಿರಲಿಲ್ಲ. ಹೋದದ್ದು ಗಾಣದಲ್ಲಿ. ಒಲೆಗೆ ಒಂದು ಮಡಿಲು ಒಣ ಕಬ್ಬಿನ ಸಿಪ್ಪೆ ಒಗೆದ. ಭುಗ್ಗೆಂದು ಎದ್ದ ಉರಿ ನೋಡನೋಡುತ್ತಲೇ ಬೂದಿಯಾಯಿತು, ಮತ್ತೆ ಒಗೆದ. ಪಕ್ಕದ ಚಹಾದ ಒಲೆಯಲ್ಲಿ ಮುಂಜಾನೆ ಇಟ್ಟ ಜಾಲಿಯ ಕೊರಡು ಮಧ್ಯಾಹ್ನವಾದರೂ ನಿಧಾನಕ್ಕೆ ಉರಿಯುತ್ತಲೇ ಇತ್ತು. ಯಲ್ಲೇಶ ಒಂದು ಒಲೆ ನೋಡಿದ, ಇನ್ನೊಂದು ಒಲೆ ನೋಡಿದ. ಕೈಲಿದ್ದ ಸಿಪ್ಪೆ ಅಲ್ಲೇ ಚೆಲ್ಲಿ ಮನೆಗೆ ಓಡಿದ.

"ದ್ರಾಕ್ಷಾ! ನಾ ಹೊಟ್ಟಿಗೆ ಬರೇ ಸಿಪ್ಪಿ ಹಾಕಾಕತ್ತಿದ್ನೆ! ಕೊರಡು ಹಾಕ, ಕೊರಡು! ರೊಟ್ಟಿ ಬಡಿ!"

ಅಂದಿನಿಂದ ಒಂದು ಹೊತ್ತಿಗೆ ಒಂದೂವರೆ ರೊಟ್ಟಿ, ಬಟ್ಟಲು ತುಂಬ ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಮಜ್ಜಿಗೆ. ಅನ್ನ ಎರಡು ತುತ್ತು. ಕರದಂಟು ತಾಲೀಮಿಗೆ ಮೊದಲು ಒಂದೇ ತುಂಡು, ಏಕೆಂದರೆ ಉರಿ ಎಬ್ಬಿಸಲು ಸ್ವಲ್ಪ ಸಿಪ್ಪೆಯೂ ಬೇಕು. ಡೊಳ್ಳಿಲ್ಲದ್ದಕ್ಕೆ ಹತ್ತು ಕಿಲೋ ಜೋಳದ ಚೀಲವನ್ನೇ ಸೊಂಟಕ್ಕೆ ಕಟ್ಟಿಕೊಂಡು ಅಂಗಳದಲ್ಲಿ ಕುಣಿದ. ಒಳಗೆ ದ್ರಾಕ್ಷಾಯಿಣಿ ರೊಟ್ಟಿ ಬಡಿಯುವ ಸದ್ದಿಗೇ ಹೆಜ್ಜೆ ಹಾಕಿದ. ಅವಳೂ ಕಡಿಮೆಯವಳಲ್ಲ, ಬೇಕೆಂದೇ ಬಡಿತ ಜೋರು ಮಾಡುತ್ತಿದ್ದಳು. ಹನ್ನೆರಡು ನಿಮಿಷ ಹದಿನಾಲ್ಕಾಯಿತು, ಹದಿನಾಲ್ಕು ಹದಿನೇಳಾಯಿತು. ತೂಕ ಇಳಿದದ್ದು ಮೂರೇ ಕಿಲೋ, ಅವನ ಸಂಭ್ರಮ ನೋಡಿದರೆ ಮೂವತ್ತು ಇಳಿದಂತಿತ್ತು. ಆದರೆ ಹದಿನೇಳನ್ನು ಮಾತ್ರ ಅವನು ದಾಟಲಿಲ್ಲ.

ಹುಕ್ಕೇರಿಯಲ್ಲಿ ಬೀರಸಿದ್ದಪ್ಪ ತಾನೇ ಅವನ ಸೊಂಟಕ್ಕೆ ಡೊಳ್ಳು ಕಟ್ಟಿದ. ಹತ್ತು ನಿಮಿಷ ಹೂವೆತ್ತಿದಷ್ಟು ಸಲೀಸು. ಹದಿನೈದಕ್ಕೆ ತೊಡೆ ಉರಿಯಿತು. ಹದಿನೇಳಕ್ಕೆ ಹಿಂದಿನ ಸಾಲು ಅವನ ಬೆನ್ನನ್ನೇ ನೋಡುತ್ತಿತ್ತು. ಯಲ್ಲೇಶ ಕಣ್ಣು ಮುಚ್ಚಿದ. ರೊಟ್ಟಿ ಬಡಿಯುವ ಸದ್ದು ನೆನಪಾಯಿತು, ಜೋರಾದ ಬಡಿತ. ಹೆಜ್ಜೆ ಬದಲಿಸಿದ! ಹನ್ನೆರಡೂ ಡೊಳ್ಳು ಬದಲಿಸಿದವು, ಜನ ಎದ್ದು ನಿಂತರು. ಇಪ್ಪತ್ತರ ಸೀಟಿ ಊದಿದ್ದು ಕೇಳದೆ ಇನ್ನೂ ಅರ್ಧ ನಿಮಿಷ ಬಾರಿಸಿದ.

ಬಹುಮಾನ ಎರಡನೆಯದು. ಯಾರಿಗೂ ಅದರ ಪರಿವೆ ಇರಲಿಲ್ಲ. ಬೀರಸಿದ್ದಪ್ಪ ಡೊಳ್ಳು ಬಿಚ್ಚಲು ಬಂದವನು ಕೈ ಹಿಂತೆಗೆದು, "ಮನಿಗೆ ಒಯ್ಯಪಾ" ಎಂದ.

ಯಲ್ಲೇಶ ಬೆವರೊರೆಸಿಕೊಳ್ಳುತ್ತ, ಸ್ಪರ್ಧೆ ನೋಡಲು ಜೊತೆಗೇ ಬಂದಿದ್ದ ಹೆಂಡತಿಯ ಕಡೆ ತಿರುಗಿದ. "ಗೂಟಕ್ಕ ಎಷ್ಟ ಧೂಳ ಹಿಡದಿರಬೇಕ ಈಗ."

"ಮುಂಜಾನೇನ ಒರಸಿ ಬಂದೇನ್ರಿ" ಎಂದಳು ದ್ರಾಕ್ಷಾಯಿಣಿ.