ಅವ್ವನ ಭತ್ತದ ಮೀಸೆ

ಭತ್ತದ ಕಾಳನ್ನು ಮೊಳಕೆ ಬರಿಸಿ, ಸಸಿಯ ಎಲೆ ಅರೆದು, ಅದರ ಡಿಎನ್‌ಎ ತೆಗೆದು, ಯಾವ ತಳಿಗೆ ಯಾವ ತಳಿ ಹತ್ತಿರ ಎಂದು ನೋಡುವುದು ನನ್ನ ಕೆಲಸ. ಅದಕ್ಕಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಿಂದ ಹಳೆಯ ತಳಿಗಳ ಬೀಜ ಕೇಳಿ ತರುತ್ತೇನೆ. ಪೊಟ್ಟಣಗಳು ಅದಲುಬದಲಾದರೆ ಎಂಬುದು ನನ್ನ ಕಾಯಂ ಭಯ. ಹಾಗಾಗಿ ಪ್ರತಿ ಪೊಟ್ಟಣದ ಹೊರಗೊಂದು ಚೀಟಿ, ಒಳಗೊಂದು ಚೀಟಿ, ಸಾಲದ್ದಕ್ಕೆ ಫೋನಿನಲ್ಲಿ ಫೋಟೊ. ಇಷ್ಟಾದರೂ ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆದು ನೋಡದೆ ನಾನು ಮನೆ ಸೇರಿದ್ದಿಲ್ಲ.

ಕವಲೇದುರ್ಗದ ಕೆಳಗಿನ ಊರಲ್ಲಿ ಹಿರಿಯ ಹೆಂಗಸೊಬ್ಬರು ಹುಲ್ಲು ಸುತ್ತಿ ಕಟ್ಟಿದ ಬೀಜದ ಮುಡಿಯಿಂದ ನನಗೊಂದು ಹಿಡಿ ಭತ್ತ ಕೊಟ್ಟರು. ಪೆನ್ನು, ಫಾರಂ ಹಿಡಿದು ಬಂದವರೆಲ್ಲ ಅವರಿಗೆ ಮೇಷ್ಟ್ರೇ.

"ತಳಿಯ ಹೆಸರೇನಮ್ಮ?"

"ಹೆಸರೆಂತದು? ಅವ್ವನ ಭತ್ತ. ಮದ್ವೆ ಆಗಿ ಬರುವಾಗ ಅವ್ವ ಕೊಟ್ಟಿದ್ದು. ಹೊಸನಗರದ ಹತ್ರ ಇರೋ ನಮ್ಮಕ್ಕಂಗೂ ಇದನ್ನೇ ಕೊಟ್ಟಿದ್ಲು."

ಫಾರಂನಲ್ಲಿ ‘ಹೆಸರಿಲ್ಲ’ ಎಂದು ಬರೆದೆ. ಅವರು ಅಲ್ಲಿಗೆ ಬಿಡಲಿಲ್ಲ.

"ಹೋದ ಕೊಯ್ಲಲ್ಲಿ ಅಕ್ಕ ಬಂದವಳು ಗದ್ದೆ ನೋಡಿ, ಇದು ಅವ್ವನ ಭತ್ತದ ಹಂಗಿಲ್ಲ ಕಣೇ ಅಂದ್ಬಿಟ್ಲು. ಅವತ್ತಿಂದ ಉಂಡಿದ್ದು ಮೈಗೆ ಹತ್ತಲ್ಲ. ನೀವು ಮಿಷನ್ನಲ್ಲಿ ನೋಡಿ ಹೇಳಿ ಮೇಷ್ಟ್ರೇ. ಅವ್ವಂದಲ್ಲ ಅಂದ್ರೆ ಈ ಮುಡಿ ಬಿಚ್ಚಿ ಮಿಲ್ಲಿಗೆ ಹಾಕಿಸ್ತೀನಿ. ಸೊಸೆ ಹೇಳ್ದಂಗೆ ಹೊಸ ಬೀಜನೇ ತರ್ಲಿ."

ಅಕ್ಕನ ಮನೆಗೂ ಹೋಗಿ ಒಂದು ಹಿಡಿ ತಂದೆ. ಆ ವರ್ಷ ಪೊಟ್ಟಣಗಳು ಜಾಸ್ತಿ, ತಾಳ್ಮೆ ಕಡಿಮೆ. ಒಂದೊಂದು ಪೊಟ್ಟಣದಿಂದ ಒಂದೊಂದೇ ಸಸಿ ತೆಗೆದುಕೊಂಡೆ. ಡಿಎನ್‌ಎಯ ಕೆಲವು ಗೊತ್ತಾದ ಜಾಗಗಳು ಒಂದೊಂದು ತಳಿಯಲ್ಲಿ ಒಂದೊಂದು ಉದ್ದ ಇರುತ್ತವೆ. ಆ ಗುರುತುಗಳು ಜೆಲ್ ಎಂಬ ಅಂಟಿನ ಹಾಳೆಯ ಮೇಲೆ ಗೆರೆಗಳಾಗಿ ಕಾಣುತ್ತವೆ. ಅಕ್ಕತಂಗಿಯರ ಭತ್ತದ ಗೆರೆಗಳು ಒಂದರ ಸಮಕ್ಕೆ ಒಂದು ಕೂರಲಿಲ್ಲ.

ಸುಳ್ಳು ಹೇಳಲು ಹೆದರಿಕೆ, ನಿಜ ಹೇಳಲೂ ಹೆದರಿಕೆ. ಎರಡು ದಿನ ಒದ್ದಾಡಿ ಫೋನು ಮಾಡಿದೆ.

"ಎರಡೂ ಒಂದೇ ಅಲ್ಲ ಅನ್ಸುತ್ತೆ ಅಮ್ಮ."

"ಹೌದಾ," ಎಂದರು. ಆಮೇಲೆ ಮಾತು ತಿರುಗಿಸಿ, "ನಿಮ್ಮ ಕಡೆ ಮಳೆ ಬಂತಾ?"

ಆ ಮಳೆಯ ವಿಚಾರ ನನ್ನನ್ನು ಕೊರೆಯಿತು. ಚೀಟಿಗಳನ್ನೆಲ್ಲ ಮತ್ತೆ ತಾಳೆ ನೋಡಿದೆ. ಚೀಟಿ ಸರಿ, ಫೋಟೊ ಸರಿ. ಇಡೀ ಜನ್ಮ ಯಾವುದಕ್ಕೆ ಹೆದರಿದ್ದೆನೋ ಅಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪಿದ್ದದ್ದು ಒಂದೇ ಸಸಿ ನೋಡಿ ಮುಗಿಸಿದ್ದರಲ್ಲಿ. ಮನೆಯಲ್ಲಿ ಉಳಿಸಿಕೊಂಡು ಬಂದ ಬೀಜದ ಎಲ್ಲ ಕಾಳೂ ಒಂದೇ ಇರಬೇಕೆಂದು ಯಾರು ಹೇಳಿದರು? ಹೊಸಬರಿಗೆ ನಾನೇ ಪಾಠ ಮಾಡುವ ಮಾತು ಅದು.

ಎರಡೂ ಪೊಟ್ಟಣಗಳಿಂದ ಹತ್ತತ್ತು ಸಸಿ ಬೆಳೆಸಿ ಮತ್ತೆ ನೋಡಿದೆ. ತಂಗಿಯ ಹತ್ತೂ ಒಂದೇ ಥರ. ಅಕ್ಕನದರಲ್ಲಿ ಎರಡು ಥರ, ಅದರಲ್ಲೊಂದು ತದ್ವತ್ತು ತಂಗಿಯದೇ.

ಫೋನಿನ ಮೇಲೆ ನಂಬಿಕೆ ಹೋಗಿತ್ತು. ಮೊದಲು ಹೊಸನಗರದ ಕಡೆ ಹೊರಟೆ. ನನ್ನ ಮಾತು ಕೇಳಿ ಅಕ್ಕ ನಕ್ಕರು.

"ಎರಡು ಥರ ಇದ್ದೇ ಇರ್ತದಲ್ಲ. ಬೀಜಕ್ಕೆ ತೆನೆ ಆರಿಸುವಾಗ ಅವ್ವ ಮೀಸೆ ಇರೋ ತೆನೆನೂ ಒಂದು ಹಿಡಿ ಸೇರಿಸ್ತಿದ್ಲು. ಹಂದಿ ಅದರ ತಂಟೆಗೆ ಹೋಗಲ್ಲ ಅಂತ. ನಾನೂ ಹಂಗೇ ಮಾಡ್ತೀನಿ."

ಕಾಳಿನ ತುದಿಯ ಉದ್ದನೆಯ ಮುಳ್ಳುಕೂದಲಿಗೆ ಮೀಸೆ ಎನ್ನುತ್ತಾರೆ. ಅವರು ಕೊಟ್ಟ ಒಂದು ಸೇರು ಬೀಜ ಹಿಡಿದು ಕವಲೇದುರ್ಗದ ದಾರಿ ಹಿಡಿದಾಗ ಅಗೆ ಹಾಕುವ ಕಾಲ, ಎಂದರೆ ನೆಟ್ಟಿಯ ಸಸಿಗಾಗಿ ಬೀಜ ಬಿತ್ತುವ ಕಾಲ, ಬಂದೇಬಿಟ್ಟಿತ್ತು. ಮುಡಿ ಮಿಲ್ಲಿಗೆ ಹೋಗಿದ್ದರೆ ಎಂದುಕೊಂಡು ಆವತ್ತು ಡಿಕ್ಕಿ ನೋಡಲೂ ಕಾರು ನಿಲ್ಲಿಸಲಿಲ್ಲ.

ಮುಡಿ ಜಗಲಿಗೆ ಬಂದಿತ್ತು, ಬಿಚ್ಚಿರಲಿಲ್ಲ. "ಬೆಳಗಿಂದ ಮೂರು ಸಲ ಹೊತ್ಕೊಂಡು ಹೋಗಾಕೆ ಹೊರಟೆ, ಇವ್ರು ಬೇಡ ಅಂತಾರೆ," ಎಂದಳು ಸೊಸೆ.

"ಅಮ್ಮ, ನಾನು ಹೇಳಿದ್ದು ತಪ್ಪು. ಇದು ಅವ್ವಂದೇ," ಎಂದೆ. "ಆದ್ರೆ ಅರ್ಧ."

ಮೀಸೆಯ ವಿಷಯ ತಿಳಿಸಿದೆ. ಅವರು ಕಂಬ ಹಿಡಿದು ಕೂತರು.

"ನಾನು ಬೆರಕೆ ಅಂದ್ಕೊಂಡು ಕಿತ್ತು ಕಿತ್ತು ಬಿಸಾಕಿದ್ನಲ್ಲ ಮೇಷ್ಟ್ರೇ. ಈ ಮನೆಗೆ ಬಂದ ವರ್ಷದಿಂದ. ಅವ್ವನ ಬೀಜ ಚೊಕ್ಕ ಇರ್ಲಿ ಅಂತ."

ಆಮೇಲೆ ಅಕ್ಕನಿಗೆ ಫೋನು ಹಚ್ಚಿಸಿದರು. "ಮೀಸೆದೂ ಬೀಜಕ್ಕೆ ಬಿಡ್ಬೇಕು ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?"

"ನೀನು ಕೇಳಿದ್ಯೇನೇ? ಅವ್ವ ತೆನೆ ಆರಿಸೋವಾಗ ಪೇರಲೆ ಮರದ ಮೇಲಿದ್ದೆಯಲ್ಲ!"

ತಂಗಿ ನಗುತ್ತ ಸೆರಗಲ್ಲಿ ಕಣ್ಣೊರೆಸಿಕೊಂಡರು. ಮುಡಿ ಬಿಚ್ಚಿ, ಅಕ್ಕನ ಬೀಜ ಸುರಿದು, ಕೈಯಾಡಿಸಿ ಬೆರೆಸಿ, ನೆನೆಹಾಕಲು ಸೊಸೆಗೆ ನೀರು ತರಹೇಳಿದರು. ಹೊರಡುವಾಗ ನನ್ನ ಕೈಗೆ ದೊಡ್ಡದೊಂದು ಪೊಟ್ಟಣ ಬಂತು.

"ಈ ಸಲ ಒಂದೇ ಕಾಳು ನೋಡಿ ಫೋನು ಮಾಡ್ಬೇಡಿ."

ಹೊರಗಿನ ಚೀಟಿಯಲ್ಲೂ ಒಳಗಿನ ಚೀಟಿಯಲ್ಲೂ ‘ಅವ್ವನ ಭತ್ತ’ ಎಂದು ಬರೆದೆ. ಅವರು ಬಗ್ಗಿ ನೋಡಿ, "ಅಕ್ಷರ ದುಂಡಗಿದೆ ಮೇಷ್ಟ್ರೇ," ಎಂದರು.